ಗಾಜಿನ ಹೂದಾನಿಯಲ್ಲಿ ಹೂವಿನ ಜೊತೆ ಇಳಿಬಳ್ಳಿ: ಜೋಡಿಸುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ

“ಹೂವಿನ ಜೊತೆ ಮನಿ ಪ್ಲಾಂಟಿನ ಎರಡು ಎಳೆ ಇಟ್ಟೆ. ಮೂರೇ ದಿನಕ್ಕೆ ನೀರು ನಾರಿತು, ಹೂವು ಗೋಣು ಚೆಲ್ಲಿತು, ಬಳ್ಳಿ ಮಾತ್ರ ಏನೂ ಆಗದ ಹಾಗೆ ನಿಂತಿದೆ. ಎಲ್ಲಿ ತಪ್ಪಿದೆ?” ಈ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತಲೇ ಇರುತ್ತದೆ. ಒಬ್ಬೊಬ್ಬರಿಗೂ ಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೆಡೆ ಬರೆದಿದ್ದೇನೆ.

ಮೊದಲಿಗೆ ಒಂದು ವಿಷಯ ಮನಸ್ಸಿನಲ್ಲಿರಲಿ. ಕೊಯ್ದ ಹೂವು, ಕತ್ತರಿಸಿದ ಬಳ್ಳಿ ಒಂದೇ ನೀರಿನಲ್ಲಿ ನಿಂತರೂ ಎರಡರ ಹಾದಿ ಬೇರೆ. ಹೂವಿಗೆ ಬೇರು ಬರುವುದಿಲ್ಲ. ಇರುವಷ್ಟು ದಿನ ನೀರು ಹೀರಿ, ಅರಳಿ, ಮುಗಿಯುತ್ತದೆ. ಬಳ್ಳಿಯೋ ಹತ್ತು ಹದಿನೈದು ದಿನದಲ್ಲಿ ಅದೇ ನೀರಿನಲ್ಲಿ ಬೇರು ಬಿಟ್ಟು ಬದುಕು ಹೂಡುತ್ತದೆ. ಅಂದರೆ ಹೂವು ನೆಂಟರು, ಬಳ್ಳಿ ಮನೆಯವರು. ನೆಂಟರು ಬಂದು ಹೋಗುವಾಗ ಮನೆಯವರ ನಿದ್ದೆ ಕೆಡದ ಹಾಗೆ ಜೋಡಿಸಿದರೆ, ಒಂದೇ ಹೂದಾನಿ ತಿಂಗಳುಗಟ್ಟಲೆ ಚೆಂದ ಕಾಣುತ್ತದೆ. ಕೆಳಗಿನ ಹಂತಗಳೆಲ್ಲ ಈ ಲೆಕ್ಕದ ಮೇಲೆಯೇ ನಿಂತಿವೆ.

ಏನೇನು ಬೇಕು

ಹೂದಾನಿ, ಹರಿತವಾದ ಕತ್ತರಿ ಅಥವಾ ಚಾಕು, ಪಾರದರ್ಶಕವಾದ ಅಂಟುಪಟ್ಟಿ, ಒಂದು ಬಕೆಟ್, ಬಾಟಲಿ ತೊಳೆಯುವ ಬ್ರಷ್ಷು. ಅಷ್ಟೇ. ಕತ್ತರಿ ಮೊಂಡಾಗಿದ್ದರೆ ದಂಟು ಕತ್ತರಿಸುವ ಬದಲು ಜಜ್ಜಿಹೋಗುತ್ತದೆ, ಜಜ್ಜಿದ ತುದಿ ಬೇಗ ಕೊಳೆಯುತ್ತದೆ. ಹಾಗಾಗಿ ಖರ್ಚು ಮಾಡುವುದಾದರೆ ಹೂದಾನಿಗಿಂತ ಮೊದಲು ಕತ್ತರಿಗೆ ಮಾಡಿ.

ಇಳಿಬಳ್ಳಿ ಎಂದರೆ ಆಸರೆ ಸಿಗದಿದ್ದಾಗ ಕೆಳಕ್ಕೆ ಜೋತುಬೀಳುವ ಬಳ್ಳಿ. ಮೊದಲ ಸಲ ಮಾಡುವವರಿಗೆ ಮನಿ ಪ್ಲಾಂಟಿಗಿಂತ ಒಳ್ಳೆಯದಿಲ್ಲ. ದಂಟು ಗಟ್ಟಿ, ಎಲೆ ಬೇಗ ಬಾಡುವುದಿಲ್ಲ, ಬೇರು ಸುಲಭವಾಗಿ ಬರುತ್ತದೆ. (ಈ ಬಳ್ಳಿ ತಾನಾಗಿ ಹೂ ಬಿಡುವುದು ತೀರ ಅಪರೂಪ. ಹೂದಾನಿಯಲ್ಲಾದರೂ ಹೂವಿನ ಸಹವಾಸ ಸಿಗಲಿ ಬಿಡಿ.) ಹೃದಯದಾಕಾರದ ಎಲೆಯ ಫಿಲೋಡೆಂಡ್ರನ್, ಸಿಂಗೋನಿಯಂ ಕೂಡ ಇದೇ ಸ್ವಭಾವದವು. ನೇರಳೆ ಪಟ್ಟಿಯ ಟ್ರಾಡೆಸ್ಕ್ಯಾನ್ಶಿಯ ನೋಡಲು ಬಹಳ ಸೊಗಸು, ವಾರದೊಳಗೆ ಬೇರು ಬಿಡುತ್ತದೆ, ಆದರೆ ಗೆಣ್ಣಿನಲ್ಲಿ ಪಟಕ್ಕನೆ ಮುರಿಯುತ್ತದೆ. ಐವಿಯ ದಂಟು ತೆಳ್ಳಗೆ, ಗಡುಸು. ಬೇಕಾದ ಕಡೆ ಬಾಗುತ್ತದೆ, ಆದರೆ ಬೇರು ಬಿಡಲು ಸಮಯ ಹಿಡಿಯುತ್ತದೆ. ಅಲಂಕಾರಕ್ಕೆ ಬೆಳೆಸುವ ಗೆಣಸಿನ ಬಳ್ಳಿಯ ಎಲೆ ಕತ್ತರಿಸಿದ ಮೊದಲ ದಿನ ಸೊರಗಿ, ಮರುದಿನ ಚೇತರಿಸಿಕೊಳ್ಳುತ್ತದೆ. ಗಾಬರಿ ಬೇಡ. ಬಿಳಿ ಮಚ್ಚೆಯ ತಳಿಗಳಲ್ಲಿ ಹಸಿರು ಕಡಿಮೆ ಇರುವುದರಿಂದ ಬೇರೂ ನಿಧಾನ, ಬೆಳವಣಿಗೆಯೂ ನಿಧಾನ.

ಮನೆಯಲ್ಲಿ ಮಕ್ಕಳೋ ಸಾಕುಪ್ರಾಣಿಗಳೋ ಇದ್ದರೆ ಮುಂದಿನ ಮಾತನ್ನು ದಯವಿಟ್ಟು ಬಿಟ್ಟು ಓದಬೇಡಿ. ಮನಿ ಪ್ಲಾಂಟ್, ಫಿಲೋಡೆಂಡ್ರನ್, ಸಿಂಗೋನಿಯಂ ಎಲೆಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಸೂಜಿಯಂಥ ಹರಳುಗಳಿರುತ್ತವೆ. ಜಗಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ಐವಿಯ ರಸ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಹೂವಿನಲ್ಲಿ ಎಲ್ಲಕ್ಕಿಂತ ಅಪಾಯ ಲಿಲ್ಲಿ: ಬೆಕ್ಕಿಗೆ ಅದರ ಎಲೆ, ಎಸಳು, ಪರಾಗ ಅಷ್ಟೇ ಅಲ್ಲ, ಅದು ನಿಂತ ಹೂದಾನಿಯ ನೀರೂ ವಿಷ. ಮೂತ್ರಪಿಂಡವೇ ಹಾಳಾಗಬಹುದು. ಬೆಕ್ಕಿರುವ ಮನೆಗೆ ಲಿಲ್ಲಿ ಬೇಡವೇ ಬೇಡ. ಅಂಥ ಮನೆಯಲ್ಲಿ ಬಳ್ಳಿಯ ಜಾಗಕ್ಕೆ ಸ್ಪೈಡರ್ ಪ್ಲಾಂಟಿನ ಮರಿಗಳು ತೂಗುವ ಎಳೆಯನ್ನೋ ಹೋಯಾವನ್ನೋ ಬಳಸಿ. ಇವೆರಡೂ ವಿಷವಲ್ಲ.

1. ಹೂದಾನಿಯನ್ನು ಆರಿಸಿ, ತೊಳೆಯಿರಿ

ನಿಮ್ಮ ಹೂದಾನಿಯ ಬಾಯಿ ಎಷ್ಟು ಅಗಲ ಎನ್ನುವುದರ ಮೇಲೆ ಅರ್ಧ ಕೆಲಸ ನಿಂತಿದೆ. 20ರಿಂದ 25 ಸೆಂಟಿಮೀಟರ್ ಎತ್ತರ, 8ರಿಂದ 10 ಸೆಂಟಿಮೀಟರ್ ಬಾಯಿ ಇರುವ ನೇರ ಕೊಳವೆಯಾಕಾರದ ಹೂದಾನಿ ಕಲಿಯುವವರಿಗೆ ಸರಿ. ಬಾಯಿ ತುಂಬ ಅಗಲವಾದರೆ ಹೂವೆಲ್ಲ ಅಂಚಿಗೆ ಒರಗಿ ನಡುವೆ ಹೊಂಡ ಬೀಳುತ್ತದೆ. ತೀರ ಕಿರಿದಾದರೆ ಬೇರು ಬಿಟ್ಟ ಬಳ್ಳಿಯನ್ನು ಹೊರಗೆ ತೆಗೆಯುವಾಗ ಬೇರು ಸವರಿಹೋಗುತ್ತದೆ. ತಳ ದಪ್ಪ ಇರುವುದನ್ನೇ ಆರಿಸಿ. ಬಳ್ಳಿಯ ಭಾರ ಒಂದು ಪಕ್ಕಕ್ಕೆ ಜೋಲುವುದರಿಂದ ಹಗುರಾದ ಹೂದಾನಿ ಸಣ್ಣ ತಾಗಿಗೂ ಮಗುಚುತ್ತದೆ. ತೂಕಕ್ಕೆಂದು ಬೆಣಚುಕಲ್ಲು ಹಾಕುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ. ಕಲ್ಲಿನ ಸಂದಿಯಲ್ಲಿ ಕೊಳೆ ಕೂರುತ್ತದೆ, ಪ್ರತಿ ಸಲ ಕಲ್ಲನ್ನೂ ತೊಳೆಯಬೇಕು.

ಗಾಜು ಕಣ್ಣಿಗೆ ಸ್ವಚ್ಛವಾಗಿ ಕಂಡರೂ ಒಳಗೋಡೆಗೆ ಹಳೆಯ ಲೋಳೆ ಅಂಟಿರುತ್ತದೆ. ಹೊಸ ನೀರು ಎರಡನೇ ದಿನಕ್ಕೇ ಕೆಡುವುದು ಹೆಚ್ಚಾಗಿ ಇದರಿಂದ. ಸೋಪು, ಬ್ರಷ್ಷಿನಿಂದ ಉಜ್ಜಿ. ಆಮೇಲೆ ಹತ್ತು ಪಾಲು ನೀರಿಗೆ ಒಂದು ಪಾಲು ಬ್ಲೀಚ್ ಬೆರೆಸಿ ಹತ್ತು ನಿಮಿಷ ಬಿಟ್ಟು, ವಾಸನೆ ಹೋಗುವ ತನಕ ಜಾಲಿಸಿ. ಗಡಸು ನೀರಿನ ಬಿಳಿ ಕಲೆಗೆ ವಿನೆಗರ್ ಒಳ್ಳೆಯದು. ಆದರೆ ಬ್ಲೀಚ್ ಮತ್ತು ವಿನೆಗರ್ ಯಾವತ್ತೂ ಒಟ್ಟಿಗೆ ಸೇರಬಾರದು, ಸೇರಿದರೆ ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ. ಎರಡನ್ನೂ ಬೇರೆ ಬೇರೆ ದಿನ ಬಳಸಿದರೆ ತಲೆನೋವೇ ಇಲ್ಲ. ತಣ್ಣಗಿರುವ ಗಾಜಿಗೆ ಕುದಿನೀರು ಸುರಿಯಬೇಡಿ, ಸೀಳುತ್ತದೆ.

2. ಬಳ್ಳಿಯನ್ನು ಹಿಂದಿನ ದಿನವೇ ಕತ್ತರಿಸಿ

ಹೂವು ತರುವ ಮೊದಲು ಬಳ್ಳಿ ಸಿದ್ಧವಾಗಿರಬೇಕು. ಗಿಡಕ್ಕೆ ಮುನ್ನಾದಿನ ಚೆನ್ನಾಗಿ ನೀರು ಹಾಕಿ, ಮರುದಿನ ಬೆಳಿಗ್ಗೆ ಕತ್ತರಿಸಿ. ಆಗ ದಂಟಿನಲ್ಲಿ ನೀರು ತುಂಬಿರುತ್ತದೆ.

ಗೆಣ್ಣು ಎಲ್ಲಿದೆ ನೋಡಿ. ಎಲೆ ದಂಟನ್ನು ಸೇರುವ ಕಡೆ ಸ್ವಲ್ಪ ಉಬ್ಬಿರುವ ಗಂಟೇ ಗೆಣ್ಣು. ಬೇರು ಬರುವುದು ಅಲ್ಲಿಂದಲೇ. ಮನಿ ಪ್ಲಾಂಟಿನಲ್ಲಿ ಗೆಣ್ಣಿನ ಪಕ್ಕ ಕಂದು ಬಣ್ಣದ ಸಣ್ಣ ಮೊನೆ ಕಾಣುತ್ತದಲ್ಲ, ಅದು ಕಾದು ಕುಳಿತಿರುವ ಬೇರು. ಗೆಣ್ಣಿನಿಂದ ಒಂದು ಸೆಂಟಿಮೀಟರ್ ಕೆಳಗೆ ಕತ್ತರಿ ಹಾಕಿ. ಎರಡು ಗೆಣ್ಣುಗಳ ನಟ್ಟನಡುವೆ ಕತ್ತರಿಸಿದರೆ ಕೆಳಗೆ ಉಳಿಯುವ ಬರಿ ದಂಟು ಸುಮ್ಮನೆ ಕೊಳೆತು ನೀರು ಕೆಡಿಸುತ್ತದೆ.

ಒಂದು ಹೂದಾನಿಗೆ ಮೂರು ಎಳೆ ಸಾಕು, ಮೂರೂ ಬೇರೆ ಬೇರೆ ಉದ್ದದವು: ಒಂದು 45 ಸೆಂಟಿಮೀಟರ್, ಒಂದು 30, ಇನ್ನೊಂದು 20ರ ಆಸುಪಾಸು. ಮೂರೂ ಒಂದೇ ಉದ್ದವಿದ್ದರೆ ಕತ್ತರಿಸಿದ ಪರದೆಯ ಹಾಗೆ ಕಾಣುತ್ತದೆ. ಪ್ರತಿ ಎಳೆಯ ಬುಡದ 8ರಿಂದ 10 ಸೆಂಟಿಮೀಟರ್‌ನಲ್ಲಿರುವ ಎಲೆ ತೆಗೆದುಬಿಡಿ. ಆ ಭಾಗದಲ್ಲಿ ಕನಿಷ್ಠ ಎರಡು ಗೆಣ್ಣು ಇರಬೇಕು. ತಾಯಿಗಿಡದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಒಮ್ಮೆಗೆ ಕೊಯ್ಯಬೇಡಿ.

ತುದಿಯ ಎಳೆಗುಡಿ ಎಷ್ಟು ಮುದ್ದಾಗಿದ್ದರೂ ಅದಷ್ಟನ್ನೇ ಚಿಕ್ಕದಾಗಿ ಚಿವುಟಿ ತಂದರೆ ಸಂಜೆಯೊಳಗೆ ಜೋತುಬೀಳುತ್ತದೆ. ಬುಡ ಬಲಿತಿರಬೇಕು. ಉಗುರಿನಿಂದ ಒತ್ತಿದರೆ ಸುಲಭವಾಗಿ ಗುರುತು ಬೀಳಬಾರದು.

ಇನ್ನು ನೀರೂಡಿಸುವುದು. ಜೋಡಿಸುವ ಮುನ್ನ ಹೂವು, ಎಲೆಗಳಿಗೆ ಹೊಟ್ಟೆ ತುಂಬ ನೀರು ಕುಡಿಸಿ ಸುಧಾರಿಸಿಕೊಳ್ಳಲು ಬಿಡುವುದಕ್ಕೆ ಹೂವಿನ ಕೆಲಸದವರು ‘ಕಂಡಿಷನಿಂಗ್’ ಎನ್ನುತ್ತಾರೆ. ಐವಿಯನ್ನು ಇಡಿಯಾಗಿ ಒಂದೆರಡು ಗಂಟೆ ನೀರಿನಲ್ಲಿ ಮುಳುಗಿಸಿಡಿ, ಎಲೆಯ ಧೂಳೂ ಹೋಗುತ್ತದೆ. ಮನಿ ಪ್ಲಾಂಟಿನ ಎಲೆ ಒರೆಸಿ, ಬುಡವನ್ನು ನೀರಿನಲ್ಲಿ ನಿಲ್ಲಿಸಿದರೆ ಸಾಕು. ಇಲ್ಲೊಂದು ಸಣ್ಣ ಉಪಾಯವಿದೆ. ಬುಡ ನೀರಿನಲ್ಲಿರುವಂತೆ ಬಳ್ಳಿಯನ್ನು ಬಕೆಟ್ಟಿನ ಅಂಚಿನ ಮೇಲಿಂದ ಹೊರಕ್ಕೆ ಇಳಿಬಿಟ್ಟು ರಾತ್ರಿಯಿಡೀ ಹಾಗೇ ಬಿಡಿ. ನಾಳೆ ಹೂದಾನಿಯ ಅಂಚಿನಲ್ಲಿ ಯಾವ ತಿರುವು ಬೇಕೋ ಆ ತಿರುವಿಗೆ ದಂಟು ತಾನೇ ಒಗ್ಗಿಕೊಂಡಿರುತ್ತದೆ.

3. ಹೂವನ್ನು ತಂದ ಕೂಡಲೇ ನೋಡಿಕೊಳ್ಳಿ

ಹೂವು ಬಾಡುವುದು ವಯಸ್ಸಾಗಿ ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ಬಾಯಾರಿಕೆ. ದಂಟಿನೊಳಗೆ ಕ್ಸೈಲಮ್ ಎಂಬ ಕೂದಲಿಗಿಂತ ಸಣ್ಣ ನೀರ್ಗೊಳವೆಗಳಿವೆ. ದಂಟನ್ನು ಕತ್ತರಿಸಿದ ಗಳಿಗೆಯಲ್ಲೇ ಅವು ನೀರಿನ ಬದಲು ಗಾಳಿ ಎಳೆದುಕೊಳ್ಳುತ್ತವೆ. ಆ ಗಾಳಿಗುಳ್ಳೆ ಕೊಳವೆಯಲ್ಲಿ ಬಿರಡೆಯ ಹಾಗೆ ಸಿಕ್ಕಿಕೊಂಡು, ಸುತ್ತ ನೀರಿದ್ದರೂ ಹೂವು ನೀರಿಲ್ಲದೆ ಸೊರಗುತ್ತದೆ. ಗುಲಾಬಿ ಅರಳುವ ಮುನ್ನವೇ ಕತ್ತು ಬಗ್ಗಿಸುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಎರಡನೇ ಅಡ್ಡಿ, ನೀರಿನಲ್ಲಿ ಹುಟ್ಟುವ ಬ್ಯಾಕ್ಟೀರಿಯ. ಅವುಗಳ ಲೋಳೆ ಕೊಳವೆಯ ಬಾಯಿಯನ್ನೇ ಮುಚ್ಚುತ್ತದೆ.

ಹಾಗಾಗಿ ಮನೆಗೆ ತಂದ ತಕ್ಷಣ ಪ್ರತಿ ದಂಟಿನ ತುದಿಯಿಂದ ಎರಡು ಮೂರು ಸೆಂಟಿಮೀಟರ್ ಕತ್ತರಿಸಿ, ಮರುಕ್ಷಣವೇ ನೀರಿಗೆ ಇಳಿಸಿ. ಗುಲಾಬಿಯಂಥವನ್ನು ಬಕೆಟ್ಟಿನ ನೀರಿನೊಳಗೇ ಕತ್ತರಿಸಿದರೆ ಇನ್ನೂ ಒಳ್ಳೆಯದು. ಓರೆಯಾಗಿ ಕತ್ತರಿಸಿ. ತುದಿ ಗಾಜಿನ ತಳಕ್ಕೆ ಚಪ್ಪಟೆಯಾಗಿ ಅಂಟಿ ಕೂರದಿರಲಿ ಎಂಬುದು ಇದರ ಮುಖ್ಯ ಲಾಭ. ಗಡುಸು ದಂಟನ್ನು ಸುತ್ತಿಗೆಯಿಂದ ಜಜ್ಜುವ ಹಳೆಯ ಪದ್ಧತಿ ಬಿಟ್ಟುಬಿಡಿ. ಜಜ್ಜಿದ ನಾರಿನಲ್ಲಿ ಬ್ಯಾಕ್ಟೀರಿಯ ಬೇಗ ನೆಲೆಸುತ್ತದೆ. ಬೇಕಾದರೆ ಬುಡವನ್ನು ಎರಡು ಸೆಂಟಿಮೀಟರ್‌ನಷ್ಟು ಉದ್ದುದ್ದ ಸೀಳಿ.

ನೀರಿನೊಳಗೆ ಮುಳುಗುವ ಎಲೆಯನ್ನೆಲ್ಲ ಕಿತ್ತುಹಾಕಿ. ಒಂದೂ ಉಳಿಯಬಾರದು. ನೀರು ನಾರುವುದಕ್ಕೆ ಮೊದಲ ಕಾರಣ ಇದೇ. ಗಾಜಿನಲ್ಲಿ ಅದು ಕಣ್ಣಿಗೂ ರಾಚುತ್ತದೆ. ಆಮೇಲೆ ಬಕೆಟ್ಟಿನ ನೀರಿನಲ್ಲಿ, ನೆರಳಿನಲ್ಲಿ, ಕನಿಷ್ಠ ಎರಡು ಗಂಟೆ ನಿಲ್ಲಿಸಿ. ಒಂದು ರಾತ್ರಿ ನಿಂತರೆ ಇನ್ನೂ ಮೇಲು.

ಕೆಲವು ಹೂವುಗಳಿಗೆ ತಮ್ಮದೇ ರಗಳೆಗಳಿವೆ:

- ಜರ್ಬೆರಾದ ದಂಟು ಮೆತ್ತಗೆ, ರೋಮ ರೋಮ. ಆಳದ ನೀರಿನಲ್ಲಿ ಕೊಳೆಯುತ್ತದೆ. 5ರಿಂದ 8 ಸೆಂಟಿಮೀಟರ್ ನೀರು ಸಾಕು. ಬಳ್ಳಿಗೆ ಅಷ್ಟು ಸಾಲುವುದಿಲ್ಲ, ಹಾಗಾಗಿ ಈ ಜೋಡಣೆಗೆ ನಾನು ಜರ್ಬೆರಾ ತರುವುದೇ ಇಲ್ಲ.
- ಕಾರ್ನೇಷನ್ ದಂಟನ್ನು ಗಂಟಿನ ಮೇಲೆ ಕತ್ತರಿಸಬೇಡಿ, ಎರಡು ಗಂಟುಗಳ ನಡುವೆ ಕತ್ತರಿಸಿ. ಬಳ್ಳಿಯ ಲೆಕ್ಕಕ್ಕೆ ಸರಿಯಾಗಿ ತಿರುಗುಮುರುಗು.
- ಸುಗಂಧರಾಜ, ಗ್ಲಾಡಿಯೋಲಸ್ ಕಡ್ಡಿಗಳು ಕೆಳಗಿನಿಂದ ಮೇಲಕ್ಕೆ ಅರಳುತ್ತ ಹೋಗುತ್ತವೆ. ಕೆಳಗಿನ ಬಾಡಿದ ಹೂವನ್ನು ದಿನಾ ಚಿವುಟುತ್ತಿರಿ.
- ಡ್ಯಾಫೊಡಿಲ್ ಕತ್ತರಿಸಿದಾಗ ಸುರಿಸುವ ಲೋಳೆರಸ ಗುಲಾಬಿ, ಟ್ಯುಲಿಪ್‌ಗಳಿಗೆ ಕೇಡು. ಅದನ್ನು ಬೇರೆ ನೀರಿನಲ್ಲಿ ಅರ್ಧ ದಿನವಾದರೂ ನಿಲ್ಲಿಸಿ, ಮತ್ತೆ ಕತ್ತರಿಸದೆ ಹಾಗೇ ಜೋಡಿಸಿ. ಮತ್ತೆ ಕತ್ತರಿಸಿದರೆ ಮತ್ತೆ ಸುರಿಯುತ್ತದೆ.
- ಟ್ಯುಲಿಪ್ ಹೂದಾನಿಯಲ್ಲೂ ಬೆಳೆಯುತ್ತದೆ. ಇವತ್ತು ಸರಿಯಿದ್ದ ಎತ್ತರ ನಾಡಿದ್ದು ಇರುವುದಿಲ್ಲ.

ಯಾವುದನ್ನು ತರಲಿ ಎಂದು ಕೇಳಿದರೆ ನನ್ನ ಉತ್ತರ: ಸೇವಂತಿಗೆ, ಕಾರ್ನೇಷನ್. ಚೆನ್ನಾಗಿ ನೋಡಿಕೊಂಡರೆ ಎರಡು ವಾರದ ತನಕ ಬರುತ್ತವೆ. ಗುಲಾಬಿಗೆ ಸಾಮಾನ್ಯವಾಗಿ ಐದರಿಂದ ಏಳು ದಿನ. ಎರಡು ಬಗೆಯನ್ನೂ ಬೆರೆಸಿದರೆ ಎಲ್ಲ ಹೂವೂ ಒಂದೇ ದಿನ ಬಾಡಿ ಹೂದಾನಿ ಬೋಳಾಗುವುದು ತಪ್ಪುತ್ತದೆ.

4. ನೀರಿಗೆ ಏನು ಹಾಕಬೇಕು

ಹೆಚ್ಚು ಜನ ಎಡವುವುದು ಇಲ್ಲೇ. ಹೂವಿನ ಜೊತೆ ಬರುವ ಸಣ್ಣ ಪೊಟ್ಟಣದಲ್ಲಿ ಮೂರು ವಸ್ತುಗಳಿರುತ್ತವೆ: ಹೂವಿನ ಆಹಾರಕ್ಕೆ ಸಕ್ಕರೆ, ನೀರು ಸಲೀಸಾಗಿ ಏರಲು ಆಮ್ಲ, ಬ್ಯಾಕ್ಟೀರಿಯ ತಡೆಯಲು ಒಂದು ರಾಸಾಯನಿಕ. ಹೂವಿಗೆ ಇದು ನಿಜಕ್ಕೂ ಒಳ್ಳೆಯದು. ಬೇರು ಬಿಡಬೇಕಾದ ಬಳ್ಳಿಗೆ ಒಳ್ಳೆಯದಲ್ಲ. ಪೊಟ್ಟಣವಿಲ್ಲ ಎಂದು ಬರಿ ಸಕ್ಕರೆ ಹಾಕಿದರಂತೂ ಬ್ಯಾಕ್ಟೀರಿಯಕ್ಕೆ ಹಬ್ಬ. ತಾಮ್ರದ ನಾಣ್ಯ ಹಾಕುವವರೂ ಇದ್ದಾರೆ. ನಾಣ್ಯ ಹೊಳೆಯುತ್ತದೆ, ಹೂವಿಗೆ ಏನೂ ಆಗುವುದಿಲ್ಲ.

ನಿಮ್ಮ ಉದ್ದೇಶ ಮೊದಲು ತೀರ್ಮಾನಿಸಿ. ಎರಡು ಮೂರು ದಿನದ ಸಮಾರಂಭಕ್ಕೆ ಮಾತ್ರ ಅಲಂಕಾರ ಬೇಕಿದ್ದರೆ ಪೊಟ್ಟಣ ಬಳಸಿ, ಬಳ್ಳಿಯನ್ನೂ ಕೊಯ್ದ ಸೊಪ್ಪಿನಂತೆ ಎಣಿಸಿ. ಬಳ್ಳಿ ಉಳಿಯಬೇಕು ಎಂದಿದ್ದರೆ ಬರಿ ನೀರು, ಆದರೆ ತಪ್ಪದೆ ಬದಲಿಸಬೇಕು. ಕ್ಲೋರಿನ್ ಹಾಕಿದ ನಲ್ಲಿನೀರಾದರೆ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ರಾತ್ರಿ ತೆರೆದಿಟ್ಟು ಬಳಸಿ. ಹೂದಾನಿ ಅಗಲವಾಗಿದ್ದರೆ ಮಧ್ಯದಲ್ಲಿ ಒಂದು ಕಿರಿದಾದ ಗಾಜಿನ ಕೊಳವೆ ನಿಲ್ಲಿಸಿ, ಅದರಲ್ಲಿ ಪೊಟ್ಟಣದ ನೀರು ಮತ್ತು ಹೂವು, ಸುತ್ತಲಿನ ಬರಿ ನೀರಿನಲ್ಲಿ ಬಳ್ಳಿ, ಹೀಗೂ ಮಾಡಬಹುದು. ಗಾಜಿನೊಳಗೆ ಗಾಜಾದ್ದರಿಂದ ಅಷ್ಟಾಗಿ ಕಾಣುವುದಿಲ್ಲ.

ನೀರು ಎಷ್ಟು? ಅಂಚಿಗಿಂತ ಮೂರು ಸೆಂಟಿಮೀಟರ್ ಕೆಳಗೆ ನಿಲ್ಲಿಸಿ. ಅಂಚಿನ ತನಕ ತುಂಬಿದರೆ ಹೊರಗೆ ಇಳಿದ ದಂಟನ್ನೇ ಹಿಡಿದುಕೊಂಡು ನೀರು ಹನಿ ಹನಿಯಾಗಿ ಮೇಜಿಗೆ ಇಳಿಯುತ್ತದೆ. ಮೇಜಿನ ಮೇಲೆ ಬಿಳಿ ಉಂಗುರ ಬಿದ್ದ ಮೇಲೆ ಕಾರಣ ಹುಡುಕಬೇಕಾಗುತ್ತದೆ.

5. ಬಾಯಿಗೆ ಜಾಲ ಕಟ್ಟಿ

ಗಾಜಿನಲ್ಲಿ ಎಲ್ಲವೂ ಕಾಣುವುದರಿಂದ ದಂಟು ಹಿಡಿದು ನಿಲ್ಲಿಸುವ ಉಪಾಯ ಕಣ್ಣಿಗೆ ಬೀಳಬಾರದು. ನೀರು ತುಂಬಿದ ಮೇಲೆ ಬಾಯಿಯ ಅಂಚನ್ನು ಪೂರ್ತಿ ಒಣಗುವಂತೆ ಒರೆಸಿ. ಒದ್ದೆಯಿದ್ದರೆ ಅಂಟುಪಟ್ಟಿ ಹಿಡಿಯುವುದೇ ಇಲ್ಲ. ಪಟ್ಟಿಯನ್ನು ಅರ್ಧ ಸೆಂಟಿಮೀಟರ್ ಅಗಲಕ್ಕೆ ಸೀಳಿಕೊಂಡು ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು ಎಳೆದು ಅಂಟಿಸಿ. ಒಂಬತ್ತು ಮನೆಗಳ ಚೌಕಟ್ಟು ಸಿದ್ಧವಾಯಿತು. ಪಟ್ಟಿಯ ತುದಿ ಗಾಜಿನ ಹೊರಮೈಗೆ ಒಂದು ಸೆಂಟಿಮೀಟರ್‌ಗಿಂತ ಹೆಚ್ಚು ಇಳಿಯದಿರಲಿ. ಅಷ್ಟನ್ನು ಎಲೆ ಮುಚ್ಚುತ್ತದೆ. ಹತ್ತು ಸೆಂಟಿಮೀಟರ್ ಬಾಯಿಗೆ ಈ ಲೆಕ್ಕ. ಅದಕ್ಕಿಂತ ಅಗಲವಾದರೆ ಮೂರು ಮೂರು ಪಟ್ಟಿ.

ಈಗ ನೆಂಟರು, ಮನೆಯವರ ಲೆಕ್ಕ ಕೆಲಸಕ್ಕೆ ಬರುತ್ತದೆ. ಅಂಚಿನ ಮನೆಗಳಲ್ಲಿ ಮೂರು ಬಳ್ಳಿಗೆ, ಉಳಿದವೆಲ್ಲ ಹೂವಿಗೆ. ಒಂದೇ ಮನೆಯಲ್ಲಿ ಹೂವು, ಬಳ್ಳಿ ಎರಡನ್ನೂ ತುರುಕಬೇಡಿ. ಮುಂದೆ ಹೂವು ತೆಗೆಯುವಾಗ ಬೇರು ಕಿತ್ತುಬರುವುದು ಇದರಿಂದಲೇ.

ಹೂವಂಗಡಿಗಳ ಹಸಿರು ಫೋಮ್ ಇಟ್ಟಿಗೆ ಬೇಡ. ಗಾಜಿನಲ್ಲಿ ಅದು ಪಾಚಿಗಟ್ಟಿದ ಸ್ಪಂಜಿನ ಹಾಗೆ ಕಾಣುತ್ತದೆ, ಬಳ್ಳಿಯ ಬೇರಿಗೂ ಅದು ಜಾಗವಲ್ಲ. ಅಲ್ಲದೆ ಅದು ಪ್ಲಾಸ್ಟಿಕ್, ಮಣ್ಣಾಗುವುದಿಲ್ಲ, ಪುಡಿಯಾಗುತ್ತ ಹೋಗುತ್ತದೆ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ತನ್ನ ಪ್ರದರ್ಶನಗಳಲ್ಲಿ 2021ರಿಂದ ಅದನ್ನು ನಿಷೇಧಿಸಿದೆ. ಅಂಟುಪಟ್ಟಿಯೂ ಬೇಡ ಎನ್ನುವವರು ಜಪಾನೀಯರ ದಾರಿ ಹಿಡಿಯಬಹುದು. ಇಕೆಬಾನಾದಲ್ಲಿ ಎತ್ತರದ ಹೂದಾನಿಯ ಜೋಡಣೆಗೆ ನಾಗೆಇರೆ ಎನ್ನುತ್ತಾರೆ. ಅಲ್ಲಿ ಕವಲಿರುವ ಅಥವಾ ಅಡ್ಡಲಾಗಿ ಸಿಕ್ಕಿಸಿದ ಕಡ್ಡಿಯೇ ದಂಟುಗಳಿಗೆ ಆಸರೆ, ಅದರ ಹೆಸರು ಕುಬಾರಿ. ಅಂಚಿನಿಂದ ಕೆಳಕ್ಕೆ ಇಳಿಯುವ ಕೊಂಬೆಯನ್ನು ಪ್ರಧಾನವಾಗಿಟ್ಟ ಶೈಲಿಯೂ ಅವರಲ್ಲಿದೆ. ಕಡ್ಡಿಯನ್ನು ಗಾಜಿಗೆ ಬಿಗಿದು ಒತ್ತಿದರೆ ಗಾಜು ಒಡೆಯುತ್ತದೆ ಎಂಬುದಷ್ಟು ನೆನಪಿರಲಿ.

6. ಜೋಡಿಸಿ

ಮೊದಲು ಬಳ್ಳಿ. ಹೂವು ಮೊದಲಿಟ್ಟು ಕೊನೆಗೆ ಬಳ್ಳಿ ಸಿಕ್ಕಿಸುವವರೇ ಹೆಚ್ಚು. ಆಗ ಬಳ್ಳಿ ಸೇರಿಸಿದ ಹಾಗೆ ಕಾಣುತ್ತದೆಯೇ ಹೊರತು ಅಲ್ಲಿಂದಲೇ ಹುಟ್ಟಿದ ಹಾಗೆ ಕಾಣುವುದಿಲ್ಲ.

ಅತಿ ಉದ್ದದ ಎಳೆಯನ್ನು ಮುಂಭಾಗದ ಒಂದು ಪಕ್ಕದ ಅಂಚಿನಲ್ಲಿ ಇಳಿಬಿಡಿ. ನಟ್ಟನಡುವೆ ಬೇಡ, ಹೂದಾನಿಗೆ ಟೈ ಕಟ್ಟಿದಂತಾಗುತ್ತದೆ. ಎರಡನೆಯದು ಎದುರು ಪಕ್ಕ, ಸ್ವಲ್ಪ ಹಿಂದಕ್ಕೆ. ಚಿಕ್ಕದು ಉದ್ದದ ಎಳೆಯ ಪಕ್ಕದಲ್ಲೇ ಇರಲಿ. ಉದ್ದದ ಎಳೆ ಮೇಜಿನ ಮೇಲೆ ಒಂದಿಷ್ಟು ಹರಿದರೆ ಚೆಂದವೇ. ಹೂದಾನಿಯನ್ನು ಎತ್ತರದ ಕಪಾಟಿನ ಮೇಲೆ ಇಡುವುದಾದರೆ ಇನ್ನೂ ಉದ್ದ ಬಿಡಬಹುದು. ಎರಡು ಗೆಣ್ಣು ನೀರಿನೊಳಗೆ, ಒಂದು ಎಲೆಯೂ ನೀರಿನೊಳಗಿಲ್ಲ: ಪ್ರತಿ ಎಳೆ ಇಟ್ಟಾಗಲೂ ಗಾಜಿನ ಪಕ್ಕದಿಂದ ಬಗ್ಗಿ ನೋಡಿ.

ಅಂಚಿನಲ್ಲಿ ದಂಟು ಮಡಚಿಕೊಳ್ಳಬಾರದು, ಬಾಗಬೇಕು. ಮಡಚಿದರೆ ಒಳಗಿನ ನೀರ್ಗೊಳವೆ ಹಿಸುಕಿ ಅಲ್ಲಿಂದ ಆಚೆಗಿನ ಎಲೆಗಳೆಲ್ಲ ಎರಡು ದಿನದಲ್ಲಿ ಸೊರಗುತ್ತವೆ. ಹೊಗಳಿಕೆ ಕೇಳಿದ ಸಂಜೆ ಚೆನ್ನಾಗಿದ್ದ ಬಳ್ಳಿ ಮರುದಿನ ಸೊಪ್ಪಾಗಲು ಕಾರಣ ಹೆಚ್ಚಾಗಿ ಈ ಮಡಿಕೆ. ಹಿಂದಿನ ರಾತ್ರಿ ಬಕೆಟ್ಟಿನ ಅಂಚಿನಲ್ಲಿ ಒಗ್ಗಿಸಿದ ಬಳ್ಳಿಗೆ ಈ ತೊಂದರೆ ಕಡಿಮೆ. ಒಗ್ಗಿಸದಿದ್ದರೆ ಬಾಗಬೇಕಾದ ಜಾಗವನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ನೀವುತ್ತ ಬಾಗಿಸಿ. ಟ್ರಾಡೆಸ್ಕ್ಯಾನ್ಶಿಯಕ್ಕೆ ಇದನ್ನು ಮಾಡಲೇಬೇಡಿ, ಮುರಿಯುತ್ತದೆ. ಅದರಲ್ಲಿ ಮೊದಲೇ ಬಾಗಿ ಬೆಳೆದ ಎಳೆಯನ್ನೇ ಹುಡುಕಿ ತನ್ನಿ.

ಆಮೇಲೆ ಹೂವು. ಪ್ರಧಾನ ಹೂವು ಮೂರು ಅಥವಾ ಐದು, ಸುತ್ತ ಸಣ್ಣ ಹೂವಿನ ಐದಾರು ಕಡ್ಡಿ. ಬೆಸ ಸಂಖ್ಯೆ ಯಾಕೆಂದರೆ ನಾಲ್ಕು ಹೂವು ತಾವಾಗಿಯೇ ಚೌಕ ಕಟ್ಟಿಕೊಂಡು ಬಿಗಿಯಾಗಿ ನಿಲ್ಲುತ್ತವೆ. ಅತಿ ಎತ್ತರದ ಹೂವು ಹೂದಾನಿಯ ಎತ್ತರದ ಒಂದೂವರೆ ಪಟ್ಟು ಮೇಲಕ್ಕೆ ಹೋಗಬಹುದು ಎನ್ನುವುದು ಎಲ್ಲರೂ ಹೇಳುವ ಅಳತೆ. ಬಳ್ಳಿಯಿರುವ ಜೋಡಣೆಯಲ್ಲಿ ನಾನು ಅಷ್ಟು ಎತ್ತರ ಒಪ್ಪುವುದಿಲ್ಲ. ಕಣ್ಣು ಕೆಳಕ್ಕೆ ಇಳಿಯಬೇಕಾದಾಗ ಮೇಲಕ್ಕೆ ಎಳೆದರೆ ಎರಡೂ ಕೆಡುತ್ತವೆ. ಹೂದಾನಿಯಷ್ಟೇ ಎತ್ತರ, ಅದಕ್ಕಿಂತ ನಾಲ್ಕು ಬೆರಳು ಹೆಚ್ಚು, ಅಷ್ಟಕ್ಕೆ ನಿಲ್ಲಿಸಿ ನೋಡಿ. ಕತ್ತರಿಸುವ ಮುನ್ನ ಹೂವನ್ನು ಹೂದಾನಿಯ ಹೊರಗೆ ಪಕ್ಕದಲ್ಲಿ ಹಿಡಿದು ಅಳೆಯಿರಿ. ತಳದ ತನಕ ಹಿಡಿದು ಅಳೆಯಬೇಕು, ಬಾಯಿಯಿಂದಲ್ಲ. ಈ ಒಂದು ಮರೆವಿಗೆ ಎಷ್ಟು ಹೂವು ಗಿಡ್ಡವಾಗಿವೆಯೋ ಲೆಕ್ಕವಿಲ್ಲ.

ದಂಟುಗಳನ್ನು ನೆಟ್ಟಗೆ ನಿಲ್ಲಿಸದೆ ಓರೆಯಾಗಿ ಒಂದೇ ದಿಕ್ಕಿಗೆ ತಿರುವುತ್ತ ಇಳಿಸಿ. ಗಾಜಿನೊಳಗೆ ಅವು ಸುರುಳಿಯಾಗಿ ಹೆಣೆದುಕೊಂಡು ಒಂದಕ್ಕೊಂದು ಆಸರೆಯಾಗುತ್ತವೆ. ನೀರಿನೊಳಗಿನ ಆ ಹೆಣಿಗೆಯೂ ಈ ಅಲಂಕಾರದ ಭಾಗವೇ, ಅದನ್ನು ಮುಚ್ಚಬೇಕಾಗಿಲ್ಲ. ಬಳ್ಳಿ ಇಳಿಯುವ ಕಡೆಯ ಅಂಚಿನಲ್ಲಿ ಒಂದೆರಡು ಹೂವನ್ನು ಗಿಡ್ಡವಾಗಿ ಕತ್ತರಿಸಿ, ಬಾಯಿಯ ಮೇಲೆ ಒರಗುವಂತೆ ಇಡಿ. ಹೂವಿನ ಗುಂಪು ಮೇಲೆ, ಬಳ್ಳಿ ಕೆಳಗೆ ಎಂದು ಎರಡು ಹೋಳಾಗಿ ಕಾಣುವುದು ತಪ್ಪುತ್ತದೆ.

ಲಿಲ್ಲಿ ಇಟ್ಟಿದ್ದರೆ ಅರಳಿದ ಕೂಡಲೇ ಪರಾಗದ ಗೊಂಡೆಗಳನ್ನು ಚಿವುಟಿಬಿಡಿ. ಬಟ್ಟೆಗೆ ಪರಾಗ ತಗುಲಿದರೆ ನೀರು ಹಾಕಿ ಉಜ್ಜಬೇಡಿ, ಅಂಟುಪಟ್ಟಿ ಒತ್ತಿ ಎತ್ತಿ.

ಎಲ್ಲ ಮುಗಿಯಿತು ಎನಿಸಿದಾಗ ನಾಲ್ಕು ಹೆಜ್ಜೆ ಹಿಂದೆ ನಿಂತು ಕಣ್ಣು ಕಿರಿದು ಮಾಡಿ ನೋಡಿ. ಎಲ್ಲಿ ಕಿಕ್ಕಿರಿದಿದೆಯೋ ಅಲ್ಲಿಂದ ಒಂದು ಹೂವು ತೆಗೆಯಿರಿ. ಸೇರಿಸಬೇಕು ಅನಿಸುವುದಕ್ಕಿಂತ ತೆಗೆಯಬೇಕು ಅನಿಸುವುದೇ ಹೆಚ್ಚು ಸಲ ಸರಿ.

7. ಎಲ್ಲಿಡಬೇಕು

ಬಳ್ಳಿಗೆ ಬೆಳಕು ಬೇಕು, ಹೂವಿಗೆ ತಂಪು ಬೇಕು. ಬಿಸಿಲು ನೇರ ಬೀಳದ, ಆದರೆ ಪುಸ್ತಕ ಓದುವಷ್ಟು ಬೆಳಕಿರುವ ಜಾಗ ಎರಡಕ್ಕೂ ಒಪ್ಪುತ್ತದೆ. ಫ್ಯಾನಿನ ಕೆಳಗೆ, ಎಸಿಯ ಗಾಳಿ ಬಡಿಯುವಲ್ಲಿ ಬೇಡ. ಹಣ್ಣಿನ ಬುಟ್ಟಿಯ ಪಕ್ಕವೂ ಬೇಡ. ಮಾಗುವ ಹಣ್ಣು ಎಥಿಲೀನ್ ಎಂಬ ಅನಿಲ ಬಿಡುತ್ತದೆ, ಕಾರ್ನೇಷನ್‌ನಂಥ ಹೂವು ಅದಕ್ಕೆ ಬೇಗ ಮುದುಡುತ್ತದೆ.

ದುಂಡಗಿನ ಗಾಜಿನ ಹೂದಾನಿಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಇದೆ, ಬಹಳ ಮಂದಿಗೆ ಇದು ಗೊತ್ತಿಲ್ಲ. ನೀರು ತುಂಬಿದ ಗುಂಡು ಗಾಜು ಭೂತಗನ್ನಡಿಯಂತೆ ವರ್ತಿಸುತ್ತದೆ. ಕಿಟಕಿಯ ಬಿಸಿಲು ಅದರ ಮೂಲಕ ಒಂದೇ ಬಿಂದುವಿಗೆ ಕೂಡಿದರೆ ಪರದೆಗೋ ಕಾಗದಕ್ಕೋ ಬೆಂಕಿ ಹತ್ತಬಹುದು. ಬಿಸಿಲು ಬೀಳುವ ಕಿಟಕಿಯ ಬಳಿ ಅಂಥದ್ದನ್ನು ಇಡಲೇಬೇಡಿ.

8. ದಿನನಿತ್ಯದ ಆರೈಕೆ, ಹೂವಿನ ಬದಲಾವಣೆ

ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ನೀರು ತಿಳಿಯಾಗಿದೆಯಲ್ಲ ಎಂದು ಮುಂದೂಡಬೇಡಿ, ಕದಡಿ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಇಡೀ ಜೋಡಣೆ ಬಿಚ್ಚುವ ಅಗತ್ಯವಿಲ್ಲ. ಹೂದಾನಿಯನ್ನು ಸಿಂಕಿನಲ್ಲಿಟ್ಟು ಬಾಯಿಯ ಒಂದು ಮೂಲೆಯಿಂದ ಹೊಸ ನೀರು ನಿಧಾನವಾಗಿ ಬಿಡಿ. ಹಳೆಯ ನೀರು ಉಕ್ಕಿ ಹೊರಹೋಗಿ ಹೊಸದು ತುಂಬುವ ತನಕ ಬಿಟ್ಟು, ಕೊನೆಗೆ ಸ್ವಲ್ಪ ಬಗ್ಗಿಸಿ ಮಟ್ಟ ಇಳಿಸಿ. ಇದರಿಂದ ಅಂಟುಪಟ್ಟಿ ಒಂದೆರಡು ಸಲ ತಡೆದೀತು. ಬಿಚ್ಚಿಕೊಂಡರೆ ಹೊಸದು ಕಟ್ಟಬೇಕು. ನಾಲ್ಕು ದಿನಕ್ಕೊಮ್ಮೆಯಾದರೂ ಹೂವುಗಳನ್ನು ಹೊರತೆಗೆದು ತುದಿಯಿಂದ ಒಂದು ಸೆಂಟಿಮೀಟರ್ ಕತ್ತರಿಸಿ. ಬಳ್ಳಿಯ ಬುಡ ಲೋಳೆಯಾಗಿದ್ದರೆ ಹರಿವ ನೀರಿನಲ್ಲಿ ಬೆರಳಿನಿಂದ ಸವರಿ ತೊಳೆಯಿರಿ, ಕತ್ತರಿಸಬೇಡಿ.

ಗುಲಾಬಿ ಕತ್ತು ಬಗ್ಗಿಸಿತೇ? ಎಸೆಯುವ ಮುನ್ನ ಒಮ್ಮೆ ಪ್ರಯತ್ನಿಸಿ. ತುದಿ ಕತ್ತರಿಸಿ, ಇಡೀ ಹೂವನ್ನು ದಂಟಿನ ಸಮೇತ ನೀರಿನಲ್ಲಿ ಅಡ್ಡ ಮಲಗಿಸಿ ಮುಕ್ಕಾಲು ಗಂಟೆ ಬಿಡಿ. ಸಿಕ್ಕಿಕೊಂಡಿದ್ದು ಗಾಳಿಯಾಗಿದ್ದರೆ ತಲೆ ಎತ್ತುತ್ತದೆ. ಎತ್ತದಿದ್ದರೆ ಅದರ ಆಯುಷ್ಯ ಮುಗಿದಿದೆ.

ಬಾಡಿದ ಹೂವನ್ನು ಅವತ್ತೇ ತೆಗೆಯಿರಿ. ಅದೂ ಎಥಿಲೀನ್ ಬಿಡುತ್ತದೆ, ಪಕ್ಕದ ಹೂವನ್ನೂ ಎಳೆದುಕೊಂಡು ಹೋಗುತ್ತದೆ. ತೆಗೆಯುವಾಗ ಒಂದು ಕೈಯಲ್ಲಿ ಬಳ್ಳಿಯನ್ನು ಅಂಚಿಗೆ ಒತ್ತಿ ಹಿಡಿದು, ಇನ್ನೊಂದರಲ್ಲಿ ಹೂವನ್ನು ತಿರುಗಿಸುತ್ತ ಮೇಲೆತ್ತಿ. ಖಾಲಿಯಾದ ಮನೆಗೆ ನೀರೂಡಿಸಿದ ಹೊಸ ಹೂವು. ಹತ್ತು ದಿನ ಕಳೆದ ಮೇಲೆ ಬೇರುಗಳು ದಂಟುಗಳ ನಡುವೆ ನುಗ್ಗಿರುತ್ತವೆ. ಆಗ ಎಳೆಯುವ ಕೈ ಇನ್ನೂ ಹಗುರಾಗಿರಲಿ.

ಇನ್ನೊಂದು ದೂರು: “ಇಳಿಬಿಟ್ಟ ಬಳ್ಳಿಯ ತುದಿ ಎರಡೇ ದಿನದಲ್ಲಿ ಮೇಲಕ್ಕೆ ತಿರುಗಿಕೊಂಡಿತು.” ಅದು ನಿಮ್ಮ ತಪ್ಪಲ್ಲ. ಕುಡಿಗೆ ಮೇಲು ಕೆಳಗು ಗೊತ್ತಾಗುತ್ತದೆ, ಬೆಳಕಿನ ದಿಕ್ಕೂ ಗೊತ್ತಾಗುತ್ತದೆ. ಎರಡು ದಿನಕ್ಕೊಮ್ಮೆ ಹೂದಾನಿಯನ್ನು ಕಾಲು ಸುತ್ತು ತಿರುಗಿಸಿದರೆ ಒಂದೇ ಕಡೆಗೆ ವಾಲುವುದು ನಿಲ್ಲುತ್ತದೆ. ತುದಿ ಮೇಲೆ ನೋಡುವುದನ್ನು ನಿಲ್ಲಿಸಲು ಆಗದು. ನನಗಂತೂ ಆ ಕೊಂಕು ಇಷ್ಟವೇ. ಗಾಜಿಗೆ ಹಸಿರು ಪಾಚಿ ಕಟ್ಟುತ್ತಿದ್ದರೆ ನೀರಿಗೆ ಬೆಳಕು ಹೆಚ್ಚಾಗಿದೆ ಎಂದು ಅರ್ಥ, ಹೂದಾನಿಯನ್ನು ಒಂದಿಷ್ಟು ಒಳಕ್ಕೆ ಸರಿಸಿ.

9. ಬಳ್ಳಿ ಬೇರು ಬಿಟ್ಟ ಮೇಲೆ

ಮನಿ ಪ್ಲಾಂಟಿಗೆ ಮೂರು ನಾಲ್ಕು ವಾರದಲ್ಲಿ ಒಳ್ಳೆಯ ಬೇರು ಬಂದಿರುತ್ತದೆ. ಅದನ್ನು ನೀರಿನಲ್ಲೇ ಮುಂದುವರಿಸಬಹುದು. ಹೂವಿಲ್ಲದ ವಾರಗಳಲ್ಲಿ, ತಿಂಗಳಿಗೊಮ್ಮೆ, ದ್ರವಗೊಬ್ಬರವನ್ನು ಪೊಟ್ಟಣದಲ್ಲಿ ಹೇಳಿದ ಪ್ರಮಾಣದ ಕಾಲು ಭಾಗಕ್ಕೆ ಇಳಿಸಿ ಹಾಕಿ. ಹೂವಿರುವಾಗ ಗೊಬ್ಬರ ಹಾಕಿದರೆ ನೀರು ಕೆಡುತ್ತದೆ.

ಮಣ್ಣಿಗೆ ಹಾಕುವುದಾದರೆ ಬೇರು ನಾಲ್ಕೈದು ಸೆಂಟಿಮೀಟರ್ ಇರುವಾಗಲೇ ಹಾಕಿ, ತಿಂಗಳುಗಟ್ಟಲೆ ನೀರಿನಲ್ಲಿ ಬೆಳೆದ ಉದ್ದ ಬೇರಿಗೆ ಮಣ್ಣು ಒಗ್ಗುವುದು ಕಷ್ಟ. ನೀರಿನಲ್ಲಿ ಹುಟ್ಟಿದ ಬೇರು ಪೆಡಸು, ಮಣ್ಣನ್ನು ಒತ್ತಿ ಗಟ್ಟಿ ಮಾಡಿದರೆ ಮುರಿಯುತ್ತದೆ. ಕುಂಡದಲ್ಲಿ ಸಡಿಲ ಮಣ್ಣು ತುಂಬಿ, ಬೆರಳಿನಿಂದ ಗುಳಿ ಮಾಡಿ ಬೇರನ್ನು ಇಳಿಸಿ, ಮೇಲಿನಿಂದ ನೀರು ಹಾಕಿ ಮಣ್ಣು ತಾನೇ ಕೂರುವಂತೆ ಬಿಡಿ. ಮೊದಲ ಎರಡು ವಾರ ಮಣ್ಣು ಒಣಗದಿರಲಿ, ಕೆಸರೂ ಆಗದಿರಲಿ. ಆ ದಿನಗಳಲ್ಲಿ ಬುಡದ ಒಂದೆರಡು ಎಲೆ ಹಳದಿಯಾದರೆ ಚಿವುಟಿ ತೆಗೆಯಿರಿ, ನೀರು ಹೆಚ್ಚಿಸಬೇಡಿ. ತುದಿಯಲ್ಲಿ ಹೊಸ ಎಲೆ ಸುರುಳಿ ಬಿಚ್ಚಿತೆಂದರೆ ಬೇರು ಮಣ್ಣು ಹಿಡಿದಿದೆ. ಮುಂದಿನ ಹೂದಾನಿಗೆ ಎಳೆ ಕೊಯ್ಯಲು ಆ ಬಳ್ಳಿ ಒಂದು ಮೊಳವಾದರೂ ಬೆಳೆಯುವ ತನಕ ಕಾಯಿರಿ.